ಬಾಲ್ಕನಿಯ ಫೋಟೋ ಮತ್ತು ನನ್ನ ಮುಂದಿನ ಹಲ್ಲು

ಟಣ್, ಟಣ್, ಟಣ್. ಲಾಕ್‌ಡೌನ್ ಎಂದರೆ ಜನರಿಗೆ ಏನೇನೋ ನೆನಪಾಗುತ್ತದೆ; ನನಗೆ ನೆನಪಾಗುವುದು ಬಾಲ್ಕನಿಯ ಸರಳಿಗೆ ಸ್ಟೀಲ್ ಚಮಚ ಬಡಿಯುವ ಈ ಸದ್ದು. ಎದುರು ಬಿಲ್ಡಿಂಗ್‌ನ ವಿಮಲಾ ವೈನಿ ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಧಾರವಾಡದವರು, ಗಂಡನ ಖಡಕಿಯ ನೌಕರಿಯ ಹಿಂದೆ ಪುಣೆಗೆ ಬಂದು ಇಲ್ಲಿಯೇ ಉಳಿದವರು. ಫೋನ್ ಮಾಡಬಾರದೇ ಎಂದರೆ, "ಫೋನಿನಾಗ ಮಾರಿ ಎಲ್ಲಿ ಕಾಣತದರೀ?" ಎನ್ನುತ್ತಿದ್ದರು.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ರೋಗದ ಭಯಕ್ಕಿಂತ ದಣಿವೇ ಹೆಚ್ಚಾಗಿತ್ತು. ಏನೂ ಮಾಡದೆ ದಣಿಯುವುದು ಹೇಗೆ ಎಂದು ಈಗ ಕೇಳಿದರೆ ಹೇಳಲಾರೆ. ಹಾಲಿನ ಪ್ಯಾಕೆಟ್ ತೊಳೆದು, ಬಾಗಿಲ ಹಿಡಿಕೆ ಒರೆಸಿ, ಒರೆಸಿದ ಕೈಯನ್ನು ಮತ್ತೆ ತೊಳೆದು ಕೂತರೆ, ಊಟಕ್ಕೆ ಮೊದಲೇ ದಿನ ಮುಗಿಯಿತು ಅನ್ನಿಸುತ್ತಿತ್ತು. ಇಂಥ ಒಂದು ಬೇಸರದ ಹೊತ್ತಿನಲ್ಲಿ ಡಬ್ಬಿಯ ತಳದಲ್ಲಿದ್ದ ಹಳೆಯ ಬಾಕರವಡಿಯೊಂದನ್ನು ಕಡಿದೆ. ವಡಿ ಮುರಿಯಲಿಲ್ಲ, ನನ್ನ ಮುಂದಿನ ಹಲ್ಲಿನ ಕ್ಯಾಪ್ ಕಿತ್ತು ಬಂತು. ಡೆಂಟಿಸ್ಟ್ ಬಾಗಿಲಿಗೆ ಬೀಗ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್, "ಗರ್ಲ್ಸ್, ಹಲ್ಲು ತೋರಿಸುವುದು ಡೆಂಟಿಸ್ಟ್ ಒಬ್ಬರಿಗೇ" ಎಂದು ಕಲಿಸಿದ್ದರು. ಆ ಒಬ್ಬರೂ ಇಲ್ಲದ ಮೇಲೆ ಯಾರ ಮುಂದೆ ಬಾಯಿ ತೆರೆಯಲಿ?

ಸರಿಯಾಗಿ ಆ ವಾರವೇ ಚೈತ್ರಾಳ ಪೋರ್ಟ್ರೇಟ್ ಪ್ರಾಜೆಕ್ಟ್ ಶುರುವಾಯಿತು. ಮೈಸೂರಿನ ಹುಡುಗಿ; ಮಗರಪಟ್ಟಾದ ಆಫೀಸು ಮುಚ್ಚಿದ್ದರಿಂದ ಗ್ರೌಂಡ್ ಫ್ಲೋರ್‌ನ ತನ್ನ ಫ್ಲ್ಯಾಟಿನಿಂದಲೇ ಕೆಲಸ ಮಾಡುತ್ತಿದ್ದಳು. ಕ್ಯಾಮೆರಾ ಹಿಡಿದು ಅಂಗಳದಲ್ಲಿ ನಿಲ್ಲುವುದು, ಪ್ರತಿಯೊಬ್ಬರನ್ನೂ ಅವರವರ ಬಾಲ್ಕನಿಯಲ್ಲೇ ಕ್ಲಿಕ್ಕಿಸುವುದು. ಕೆಳಗಿನಿಂದ ತೆಗೆದ ಫೋಟೋದಲ್ಲಿ ಎಂಥವರಿಗೂ ಮೂಗಿನ ಹೊಳ್ಳೆ ದೊಡ್ಡದು, ಗದ್ದ ಎರಡು. ಆದರೂ ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಕಾದರು. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಮೇಲೆ ಟೈ, ಕೆಳಗೆ ಚಡ್ಡಿಯಲ್ಲಿ ನಿಂತರು. ಬಾಲ್ಕನಿಯ ಸರಳುಗಳ ನಡುವೆ ಸಂದಿ ಇರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ನಾನು ಮಾಸ್ಕ್ ಹಾಕಿಕೊಂಡು ನಿಂತೆ.

"ಆಂಟಿ, ನಿಮ್ಮನೇಲಿ ನೀವೊಬ್ರೇ ಇದೀರ, ಮಾಸ್ಕ್ ತೆಗೀರಿ ಪ್ಲೀಸ್!"

"ಸೇಫ್ಟಿ ಫಸ್ಟ್, ಮೈ ಡಿಯರ್," ಎಂದೆ.

ಸೆಕ್ರೆಟರಿ ಆ ಫೋಟೋವನ್ನು ಸೊಸೈಟಿಯ ಗ್ರೂಪಿಗೆ ಹಾಕಿ, ಕೆಳಗೆ 'ಆದರ್ಶ ನಾಗರಿಕ' ಎಂದು ಬರೆದರು. ಆದರ್ಶ ನಾಗರಿಕಳಾದ ಮೇಲೆ ತುಳಸಿಗೆ ನೀರು ಹಾಕಲೂ ಮಾಸ್ಕ್ ಬೇಕಾಯಿತು.

ಟಣ್, ಟಣ್. "ಏನ್ರೀ ಮೇಮ್‌ಸಾಹೇಬ್ರ! ಇಷ್ಟ ವರ್ಷದಾಗ ನೀವು ಬಾಯಿ ಮುಚ್ಚಿದ್ದು ಇದ ಮೊದಲ ನೋಡಿದೆ!"

ಆಮೇಲೆ ವೈನಿಯ ದನಿ ಸ್ವಲ್ಪ ಇಳಿಯಿತು. "ಮಗಳು ನನ್ನ ಭೋಪಾಳಕ್ಕ ಕರಕೊಂಡ ಹೋಗ್ತಾಳಂತ. ಪಾಸ್ ಸಿಕ್ಕ ಕೂಡಲೇ ಬರ್ತಾಳ. ಅಷ್ಟರಾಗ ನಮ್ಮಿಬ್ಬರದೂ ಒಂದು ಫೋಟೋ ಆಗಲಿ. ನೀವು ನಕ್ಕಿದ್ದು ಕಾಣಬೇಕು, ಮತ್ತ! ಅಲ್ಲೆ ಕನ್ನಡ ಯಾರ ಜೋಡಿ ಮಾತಾಡ್ಲಿ? ಫೋಟೋದ ಜೋಡೀನರ ಮಾತಾಡ್ತೇನಿ."

ಟೆರೇಸಿನಿಂದ ಎರಡೂ ಬಾಲ್ಕನಿ ಒಂದೇ ಫ್ರೇಮಿಗೆ ಬರುತ್ತವೆ ಎಂದು ಚೈತ್ರಾ ಆಗಲೇ ನೋಡಿಕೊಂಡು ಬಂದಿದ್ದಳು. ನಾನು ಒಳಗೆ ಹೋಗಿ ವೈನಿಗೆ ಫೋನ್ ಮಾಡಿ, ಗುಟ್ಟಾಗಿ ಹಲ್ಲಿನ ಸಂಗತಿ ಹೇಳಿದೆ. ಡೆಂಟಿಸ್ಟ್ ಬಾಗಿಲು ತೆರೆಯಲಿ, ಮುಂದಿನ ವಾರ ತೆಗೆಸೋಣ ಎಂದೆ. ಅವರು ಫೋನಿಟ್ಟು, ಬಾಲ್ಕನಿಗೆ ಬಂದು, ಇಡೀ ಸೊಸೈಟಿಗೆ ಕೇಳುವಂತೆ ಉತ್ತರ ಕೊಟ್ಟರು: "ಒಂದು ಹಲ್ಲಿಗೆ ಇಷ್ಟ್ಯಾಕರೀ? ನನಗ ಒಂದೂ ಇಲ್ಲ! ಕಟ್ಟಿಸಿದ್ದು ಡಬ್ಬ್ಯಾಗ ಇಟ್ಟು ನಗತೇನಿ ನಾ!" ಪುಣ್ಯಕ್ಕೆ ಕನ್ನಡದಲ್ಲಿ ಕೂಗಿದರು; ಅರ್ಥವಾದ ಚೈತ್ರಾ ಒಬ್ಬಳೇ ಕೆಳಗೆ ನಿಂತು ಕ್ಯಾಮೆರಾದ ಹಿಂದೆ ನಗುತ್ತಿದ್ದಳು.

ಆದರೂ ನಾನು ಒಪ್ಪಲಿಲ್ಲ; ಡೆಂಟಿಸ್ಟ್‌ಗಿಂತ ಮೊದಲು ವೈನಿಯ ಮಗಳ ಕಾರು ಬಂತು, ಫೋಟೋ ಉಳಿದೇ ಹೋಯಿತು. ಮರು ವರ್ಷದ ಬೇಸಿಗೆಯಲ್ಲಿ ವೈನಿ ಭೋಪಾಳದಲ್ಲೇ ತೀರಿಕೊಂಡರು. ನನ್ನ ಹಲ್ಲು ಈಗ ಸರಿಯಾಗಿದೆ, ಮೊದಲಿಗಿಂತ ಚೆಂದವಾಗಿಯೇ ಇದೆ. ಸಿಸ್ಟರ್ ಮಾತು ಮೀರಿ ಯಾರಿಗೆ ಬೇಕಾದರೂ ತೋರಿಸಬಹುದು.

ಅವರನ್ನು ಕೊನೆಯ ಸಲ ನೋಡಿದ್ದು ಆ ಕಾರು ಹತ್ತುವಾಗ. ಚೈತ್ರಾ ಆಫೀಸಿನ ಕಾಲ್‌ನಲ್ಲಿ ಸಿಕ್ಕಿಕೊಂಡಿದ್ದಳು. ವೈನಿ ಪರ್ಸಿನಿಂದ ಚಮಚ ತೆಗೆದು ಗೇಟಿಗೆ ಬಡಿದರು. ನಾನು ಬಾಲ್ಕನಿಗೆ ಓಡಿ ಬಂದೆ. ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿ, ತಲೆಯೆತ್ತಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ನಾನೂ ನಕ್ಕೆ, ಹಲ್ಲನ್ನೂ ಸಿಸ್ಟರನ್ನೂ ಮರೆತು, ಹೊಟ್ಟೆ ತುಂಬ ನಕ್ಕೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಕೆನ್ನೆ ಒರೆಸಿಕೊಳ್ಳಲು ಕೈ ಎತ್ತಿದರೆ ಬೆರಳಿಗೆ ಬಟ್ಟೆ ತಗುಲಿತು. ಆದರ್ಶ ನಾಗರಿಕಳ ಮಾಸ್ಕ್ ಇದ್ದಲ್ಲೇ ಇತ್ತು.