ಒಂದೂ ಗೋಲು ನೋಡದ ನಮ್ಮತ್ತೆ

ನಮ್ಮ ಸೋದರತ್ತೆಯಷ್ಟು ಫುಟ್‌ಬಾಲ್ ಪಂದ್ಯಗಳಿಗೆ ಹೋದ ಇನ್ನೊಬ್ಬ ಹೆಂಗಸು ಮೈಸೂರಿನಲ್ಲಿ ಸಿಕ್ಕಿದರೆ ನಾನು ಮೀಸೆ ಬೋಳಿಸುತ್ತೇನೆ. ಅಷ್ಟು ಪಂದ್ಯಗಳಿಗೆ ಹೋಗಿಯೂ ಒಂದೇ ಒಂದು ಗೋಲನ್ನು ನೋಡದವರು ಸಿಕ್ಕಿದರೆ ತಲೆಯನ್ನೂ ಬೋಳಿಸಿಕೊಳ್ಳಲು ಸಿದ್ಧ! ಹಾಗಾದರೆ ಅತ್ತೆ ಅಲ್ಲಿಗೆ ಹೋಗಿ ಮಾಡುವುದೇನು? ಮಾತಾಡುವುದು. ಯಾರ ಜೊತೆ? ಗೋಲ್‌ಕೀಪರ್ ಜೊತೆ.

ಇದು ಶುರುವಾದದ್ದು ನನ್ನ ಸ್ಕೂಟರಿನಿಂದ. ಚಾಮರಾಜಪುರಂನ ನಮ್ಮ ಮನೆಗೆ ಬಂದಿದ್ದ ಅತ್ತೆಯನ್ನು ಒಂದು ಸಂಜೆ ಹಿನಕಲ್‌ಗೆ ಬಿಡಲು ಹೊರಟಿದ್ದೆ. ಅವರ ಮನೆಯ ಹತ್ತಿರದ ಮೈದಾನದಲ್ಲಿ, ಯಾವ ಲೀಗೂ ಸೇರಿಸಿಕೊಳ್ಳದ ಊರ ಹುಡುಗರ ತಂಡ ಆಡುತ್ತಿತ್ತು. ಅತ್ತೆ ನನ್ನ ಭುಜ ಹಿಂಡಿ ಸ್ಕೂಟರ್ ನಿಲ್ಲಿಸಿದರು.

"ಅವ್ನ್ಯಾಕೋ ಒಬ್ನೇ ನಿಂತವ್ನೆ?"

"ಅವನು ಗೋಲ್‌ಕೀಪರ್ ಅತ್ತೆ."

"ಏನಾರ ಆಗ್ಲಿ. ಮಿಕ್ಕೋರೆಲ್ಲ ಒಟ್ಟಿಗೆ ಓಡಾಡ್ತಾವ್ರೆ. ಇವನ್ಗೆ ಬಟ್ಟೆನೂ ಬ್ಯಾರೆ ಕೊಟ್ಟವ್ರೆ. ಮಾತು ಬುಟ್ಟವ್ರಾ?"

ಯಾರೂ ಮಾತು ಬಿಟ್ಟಿಲ್ಲ, ಗೋಲು ಕಾಯುವುದೇ ಅವನ ಕೆಲಸ ಎಂದೆ. "ಕಾಯುವುದು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಸ್ಕೂಟರಿನಿಂದ ಇಳಿದೇಬಿಟ್ಟರು. ಹಿನಕಲ್ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮ ತಾತ ರಾಗಿ ಹೊಲ ಕಾಯಲು ಹೋದರೆ, ಜೊತೆಗೆ ಮಾತಾಡಲು ಮನೆಯವರು ಈ ಮಗಳನ್ನು ಕಳಿಸುತ್ತಿದ್ದರಂತೆ. ಮಾತಿಗೆ ಜನವಿಲ್ಲದ ಕಾವಲುಗಾರ ತೂಕಡಿಸುತ್ತಾನೆ, ಹಂದಿ ನುಗ್ಗುತ್ತದೆ. ಅತ್ತೆಯ ಸಿದ್ಧಾಂತ ಇಷ್ಟೇ. "ಕಾಯೋನ್ನ ಒಬ್ನೇ ಬುಡಬಾರ್ದು ಕಣೋ" ಎನ್ನುತ್ತಾ ಸೀದಾ ಹೋಗಿ ಗೋಲಿನ ಹಿಂದೆ ನಿಂತರು.

ಅಂದಿನಿಂದ ಅತ್ತೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಮಡಚುವ ಕುರ್ಚಿ, ಕೋಡುಬಳೆಯ ಡಬ್ಬಿ, ಎರಡನ್ನೂ ಹೊರಲು ನಾನು. ಅರ್ಧ ಆಟವಾದ ಮೇಲೆ ತಂಡಗಳು ಮಗ್ಗುಲು ಬದಲಿಸಿದರೆ ಕುರ್ಚಿಯೂ ಮೈದಾನ ಸುತ್ತಿ ಆಚೆ ತುದಿಗೆ ಹೋಗಬೇಕು. ಆ ಹುಡುಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ನಂಜನಗೂಡಿನ ಕಡೆಯ ಹಳ್ಳಿಯವನು, ಇಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದಾನೆ, ಎಲ್ಲವೂ ಮೊದಲ ಸಂಜೆಯೇ ಹೊರಬಿತ್ತು. ಎದುರು ತಂಡದ ಕೀಪರ್ ಮಾತ್ರ ಏನು ಪಾಪ ಮಾಡಿದ್ದ? "ನೀನಾರ ಹೋಗಿ ಅವನತ್ರ ಕೂತ್ಕೋ" ಎಂದು ನನ್ನನ್ನು ಅಟ್ಟಿದರು. ಮದುವೆಯಾಗಿದೆಯೇನಪ್ಪ ಎಂದು ಕೇಳಿದೆ ಅಷ್ಟೆ. ಆಸಾಮಿ ನೇರವಾಗಿ ರೆಫರಿಗೆ ದೂರು ಕೊಟ್ಟ!

ಇನ್ನು ಗೋಲು ನೋಡದ ವಿಷಯ. ಚೆಂಡು ಹತ್ತಿರ ಬಂತೆಂದರೆ ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾರೆ. "ಅಂಗ್ ಒದೀತಾರಲ್ಲಪ್ಪ, ನೋಡಕ್ಕಾಯ್ತದಾ?" ಎನ್ನುವುದು ಅವರ ಸಮಜಾಯಿಷಿ. ಗೋಲು ಬಿಟ್ಟಾಗಲೆಲ್ಲ ಹುಡುಗ ಹಿಂತಿರುಗಿ "ನೋಡಿದ್ರಾ ಅಜ್ಜಿ?" ಎನ್ನುತ್ತಿದ್ದ. "ಇಲ್ಲ ಬುಡು" ಎಂದು ಸೆರಗಿನೊಳಗಿಂದ ಉತ್ತರ. ಅಜ್ಜಿ ನೋಡದ ಗೋಲು ಲೆಕ್ಕಕ್ಕಿಲ್ಲ ಎಂಬಂತೆ ಅವನು ನಕ್ಕು ಮುಂದಕ್ಕೆ ತಿರುಗುತ್ತಿದ್ದ.

ಒಂದು ಸಂಜೆ ಮಾತ್ರ ಎಡವಟ್ಟಾಯಿತು. "ಮಧ್ಯಾಹ್ನ ಊಟಕ್ಕೇನ್ ಮಾಡಿದ್ದೆ ಮಗಾ?" ಎಂದು ಅತ್ತೆ ಕೇಳಿದರು. ಹಿರಿಯರು ಕೇಳಿದರೆ ಮುಖ ನೋಡಿ ಉತ್ತರ ಕೊಡಬೇಕಲ್ಲವೇ? ಅವನು ತಿರುಗಿ "ಮುದ್ದೆ, ಉಪ್ಸಾರು" ಎಂದ. "ಉಪ್ಪು" ಹೇಳುವಾಗ ಆಚೆಗಿದ್ದ ಚೆಂಡು "ಸಾರು" ಹೇಳುವಷ್ಟರಲ್ಲಿ ಬಲೆಯೊಳಗಿತ್ತು.

ತಂಡವನ್ನು ನೋಡಿಕೊಳ್ಳುವ ನಿವೃತ್ತ ಡ್ರಿಲ್ ಮೇಷ್ಟ್ರು ಕೈ ಮುಗಿದುಕೊಂಡೇ ಬಂದರು.

"ಅಮ್ಮಾ, ಇನ್ಮೇಲೆ ನೀವು ಆ ಮೆಟ್ಟಿಲ ಮೇಲೆ ಎಲ್ಲರ ಜೊತೆ ಕೂತ್ಕೊಳ್ಳಿ."

"ಇವನತ್ರ ಯಾರಿರ್ತಾರೆ ಮೇಷ್ಟ್ರೇ?"

"ಯಾರೂ ಇರಬಾರ್ದು ಕಣಮ್ಮ. ಅದಕ್ಕೇ ಅವನನ್ನ ಗೋಲ್‌ಕೀಪರ್ ಅನ್ನೋದು."

ಅತ್ತೆ "ಆಯ್ತು" ಎಂದರು. ಅವರ "ಆಯ್ತು" ಕೇಳಿ ಯಾರೂ ನೆಮ್ಮದಿಯಾಗಿ ಮಲಗಬಾರದು. ಮುಂದಿನ ಪಂದ್ಯದ ಹೊತ್ತಿಗೆ ಮೈದಾನದ ಕಾಂಪೌಂಡಿಗೆ ಅಂಟಿಕೊಂಡ ಮನೆಯವರ ಸ್ನೇಹ ಸಂಪಾದಿಸಿ, ಅವರ ತಾರಸಿ ಹತ್ತಿ ಕೂತಿದ್ದರು. "ಮಗಾ, ಕೆಮ್ಮು ವಾಸಿ ಆಯ್ತಾ?" ಎಂಬ ಧ್ವನಿ ಮೇಲಿನಿಂದ ಬಂದಾಗ ಹುಡುಗ ಆಕಾಶ ನೋಡಿದ, ರೆಫರಿ ನೋಡಿದ, ಇಪ್ಪತ್ತೆರಡು ಜನವೂ ನೋಡಿದರು. ಆಟವೇ ನಿಂತಿತು! ಮೇಷ್ಟ್ರು ತಲೆ ಚಚ್ಚಿಕೊಂಡು ರಾಜಿಗೆ ಬಂದರು. ಗೋಲಿನ ಹಿಂದೆ ಕೂರಬಹುದು, ಬಾಯಿ ಮಾತ್ರ ಬಿಡಬಾರದು. ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ, ಆದರೆ ತಮ್ಮ ಬಾಯಿಯನ್ನು ಅವರೂ ನಂಬುವುದಿಲ್ಲ. ಆಟ ಶುರುವಾಗುವ ಮೊದಲು ದವಡೆ ತುಂಬ ಎಲೆ ಅಡಿಕೆ ತುಂಬಿಕೊಂಡು ಕೂತರೆ, ಮುಗಿಯುವವರೆಗೂ ಬರೀ "ಹ್ಞೂಂ."

ಹಾಗೆಯೇ ಸುತ್ತಮುತ್ತಲ ಊರುಗಳ ಟೂರ್ನಮೆಂಟಿನ ಸೆಮಿಫೈನಲ್ ಬಂತು. ಹಿನಕಲ್ ತಂಡ ಅಷ್ಟು ದೂರ ಬಂದದ್ದು ಅದೇ ಮೊದಲು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿಗೆ ಬಿತ್ತು. ಬೆಳಕು ಇಳಿಯುತ್ತಿತ್ತು, ದೂರದ ಚಾಮುಂಡಿ ಬೆಟ್ಟದಲ್ಲಿ ದೀಪ ಹತ್ತಿಕೊಂಡಿದ್ದವು. ನಮ್ಮವನೊಬ್ಬ ಹೊರಕ್ಕೆ ಒದ್ದ. ಎದುರಾಳಿಗಳ ಕೊನೆಯ ಒದೆತ ಉಳಿದಿತ್ತು. ಅದನ್ನು ತಡೆದರೆ ಆಟ ಉಳಿಯುತ್ತದೆ, ಬಿಟ್ಟರೆ ಎಲ್ಲ ಮುಗಿಯಿತು. ತಂಡದವರೆಲ್ಲ ಮೈದಾನದ ನಡುವೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಿಂತಿದ್ದರು. ಇವನೊಬ್ಬನೇ ಇಲ್ಲಿ.

ಅವನು ಒಂದು ಸಲ ಹಿಂದಕ್ಕೆ ತಿರುಗಿದ. ಅತ್ತೆ ಎದ್ದು ನಿಂತರು. ಮಾತಾಡುವಂತಿಲ್ಲ, ಬಾಯಿ ತುಂಬ ಎಲೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋಗು ಎಂಬಂತೆ ತಲೆಯಾಡಿಸಿದರು. ಅವನು ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಹೋಯಿತು.

ಆಚೆಯವರು ಕುಣಿದರು. ನಮ್ಮವರು ತಲೆ ತಗ್ಗಿಸಿ ಮೇಷ್ಟ್ರ ಕಡೆಗೆ ನಡೆದರು. ಹುಡುಗ ಗೋಲಿನಲ್ಲೇ ಕುಸಿದು ಕೂತ, ಮೊಣಕಾಲಿನ ನಡುವೆ ಮುಖ. ಅತ್ತೆ ಎಲೆ ಉಗಿದು, ಬಲೆಯ ಪಕ್ಕದಿಂದ ಒಳಗೆ ಹೋಗಿ ಅವನ ಮಗ್ಗುಲಲ್ಲಿ ಮಣ್ಣಿನ ಮೇಲೆಯೇ ಕೂತರು. ಡಬ್ಬಿ ಹಿಡಿದು ನಾನೂ ಹಿಂದೆ ಹೋದೆ.

"ಊಟಕ್ಕೇನ್ ಮಾಡಿದ್ದೆ ಮಗಾ?"

ಅವನು ತಲೆ ಎತ್ತಲಿಲ್ಲ. "ನೋಡಿದ್ರಾ ಅಜ್ಜಿ?"

"ಇಲ್ಲ ಬುಡು. ನಾನ್ಯಾವತ್ತು ನೋಡಿದ್ದೀನಿ? ಸೆರಗು ಮುಚ್ಕೊಂಡಿದ್ದೆ."

ಅವನು ಮುಖ ಎತ್ತಿ ನನ್ನನ್ನು ನೋಡಿದ. ಅತ್ತೆಯ ಪಕ್ಕದಲ್ಲೇ ನಿಂತಿದ್ದವನು ನಾನು. ಸೆರಗು ಇನ್ನೂ ಸೊಂಟದಲ್ಲಿ ಸಿಕ್ಕಿಸಿದಂತೆಯೇ ಇತ್ತು. ಚೆಂಡು ಒಳಗೆ ಹೋಗುವಾಗಲೂ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದ ಆ ಕಣ್ಣುಗಳನ್ನು ನಾನು ಕಂಡಿದ್ದೆ.

"ಇಲ್ಲ ಕಣಪ್ಪ, ಅತ್ತೆ ಯಾವತ್ತೂ ನೋಡಲ್ಲ" ಎಂದೆ.

ಅವನು ಗ್ಲೌಸಿನಲ್ಲೇ ಮೂಗೊರೆಸಿಕೊಂಡ. ಆಮೇಲೆ ಅತ್ತೆಯ ಕಡೆ ತಿರುಗಿ, "ಮುದ್ದೆ, ಉಪ್ಸಾರು" ಎಂದ.