ಬೆಣ್ಣೆಹಣ್ಣಿನ ಪರವಾಗಿ ಒಂದು ಅಹವಾಲು

ಯಾವುದೇ ತೊಂದರೆಗೆ ಎಲ್ಲೋ ಒಬ್ಬ ಹೊಣೆಗಾರ ಇದ್ದೇ ಇರುತ್ತಾನೆ, ಅವನನ್ನು ಹುಡುಕಿ ಪತ್ರ ಬರೆದರೆ ಅರ್ಧ ತೊಂದರೆ ನೀಗಿದಂತೆಯೇ ಎಂದು ನಂಬಿರುವವಳು ನಾನು. ರಾಜ್ಯಶಾಸ್ತ್ರದ ಪದವಿಯ ಜೊತೆಗೆ ವಿಶ್ವವಿದ್ಯಾಲಯ ನನಗೆ ಕೊಟ್ಟದ್ದು ಈ ನಂಬಿಕೆಯೊಂದನ್ನೇ. ಆಲ್ದೂರಿಗೆ ಬಂದ ಎರಡು ವರ್ಷಗಳಲ್ಲಿ ಬೀದಿದೀಪದ ಬಗ್ಗೆ, ಬೆಳಗಿನ ಬಸ್ಸಿನ ಬಗ್ಗೆ, ಅತಿಥಿ ಉಪನ್ಯಾಸಕರನ್ನು ವರ್ಷಗಟ್ಟಲೆ ಅತಿಥಿಗಳಾಗಿಯೇ ಉಳಿಸಿಕೊಳ್ಳುವ ನಮ್ಮ ಕಾಲೇಜಿನ ಬಗ್ಗೆ ನಾನು ಬರೆದ ಅಹವಾಲುಗಳು ಒಂದು ದಪ್ಪ ಫೈಲಿನಷ್ಟಿವೆ. ಪರಿಣಾಮವಾಗಿ ಊರಿನ ಎಲ್ಲ ಕಚೇರಿಗಳಲ್ಲೂ ನನ್ನ ಕೈಬರಹ ಪರಿಚಿತ. ಯಾವ ಮನೆಯಲ್ಲೂ ನಾನು ಪರಿಚಿತಳಲ್ಲ. ಹುದ್ದೆಯ ಹೆಸರಿನಲ್ಲೇ 'ಅತಿಥಿ' ಎಂದಿದ್ದರೂ ಈವರೆಗೆ ಯಾರೂ ಊಟಕ್ಕೆ ಕರೆದಿಲ್ಲ. ಹೋಟೆಲಿನವರು 'ಇನ್ನೊಂದ್ ಸ್ವಲ್ಪ ಸಾಂಬಾರ್ ಹಾಕ್ಲಾ' ಎಂದು ಕೇಳುವುದನ್ನೂ ಆ ದಿನದ ಸಂಭಾಷಣೆಗಳ ಸಾಲಿಗೆ ಸೇರಿಸಿಕೊಳ್ಳುವ ಸ್ಥಿತಿ ನನ್ನದು.

ಇದರಲ್ಲಿ ನನ್ನ ಬಾಲ್ಯದ ಪಾಲೂ ಇದೆ. ನಾನು ಒಂದನೇ ತರಗತಿಗೆ ಸೇರಿದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ, ಅಲ್ಲಿನ ಕಬ್ಬಿಣದ ಗಣಿ ನಿಲ್ಲುತ್ತಿದ್ದ ಕಾಲದಲ್ಲಿ. ಸಹಪಾಠಿಗಳು ಒಬ್ಬೊಬ್ಬರಾಗಿ ಅಪ್ಪಂದಿರ ಹಿಂದೆ ಬೇರೆ ಊರುಗಳಿಗೆ ಹೋಗುತ್ತಿದ್ದರು. ಟೀಚರ್ ಹಾಜರಿ ಕರೆಯುವ ಸಮಯ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಅವರು ಪುಸ್ತಕ ತೆರೆಯದೆಯೇ ನಮ್ಮನ್ನೊಮ್ಮೆ ನೋಡಿ ಸಹಿ ಹಾಕತೊಡಗಿದರು. ಮಾತಾಡಲು ಜನ ಇಲ್ಲವಾದಾಗ ಕೆಲವರು ಮೌನಿಗಳಾಗುತ್ತಾರೆ, ಕೆಲವರು ವಾಚಾಳಿಗಳಾಗುತ್ತಾರೆ. ನಾನು ಯಾವ ಗುಂಪಿಗೆ ಸೇರಿದವಳೆಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು.

ನನ್ನ ವಾಚಾಳಿತನಕ್ಕೆ ಆಲ್ದೂರಿನಲ್ಲಿದ್ದ ಏಕೈಕ ಶ್ರೋತೃ ಧನ್ವಿ. ಐದು ವರ್ಷದ ಹುಡುಗಿ, ಯುಕೆಜಿ. ನನ್ನ ಬಾಡಿಗೆ ಕೋಣೆ ಮಹಡಿಯ ಮೇಲಿದೆ. ಕೆಳಗಿನ ಮನೆಯಲ್ಲಿ ಅವಳೂ ಅವಳ ಅಮ್ಮ ಸುಜಾತಕ್ಕನೂ ಇದ್ದಾರೆ. ಸುಜಾತಕ್ಕ ಹತ್ತಿರದ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾರೆ. ಶಾಲೆಯ ವ್ಯಾನು ನಾಲ್ಕು ಗಂಟೆಗೆ ಮಗುವನ್ನು ಇಳಿಸಿದರೆ, ತೋಟದ ಜೀಪು ಅಮ್ಮನನ್ನು ಇಳಿಸುವುದು ಐದೂವರೆಗೆ. ನಡುವಿನ ಒಂದೂವರೆ ಗಂಟೆ ಧನ್ವಿ ನನ್ನ ಚಾಪೆಯ ಮೇಲೆ ಕೂತಿರುತ್ತಿದ್ದಳು. ನಾನು ಬಸ್ಸಿನ ಬಗ್ಗೆ, ಪ್ರಾಂಶುಪಾಲರ ಬಗ್ಗೆ, ಪ್ರಜಾಪ್ರಭುತ್ವದ ಬಗ್ಗೆ ಹೇಳುತ್ತಿದ್ದೆ. ಅವಳು ಬಿಸ್ಕತ್ತನ್ನು ಅಂಚಿನಿಂದ ಸುತ್ತಲೂ ಕಡಿಯುತ್ತಾ ಕೇಳುತ್ತಿದ್ದಳು. ಅಷ್ಟು ಗಮನವಿಟ್ಟು ಕೇಳುವ ಒಬ್ಬ ವಿದ್ಯಾರ್ಥಿಯೂ ನಮ್ಮ ಕಾಲೇಜಿನಲ್ಲಿಲ್ಲ.

ಆದರೆ ನನಗೆ ಗುಣವಾಗಿ ಕಂಡದ್ದು ಶಾಲೆಗೆ ದೋಷವಾಗಿ ಕಂಡಿತ್ತು. ಧನ್ವಿ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಒಂದು ಸಂಜೆ ಸುಜಾತಕ್ಕ ಜೀಪಿನಿಂದ ಇಳಿದವರು ಕೊಡೆಯನ್ನೂ ಮಡಚದೆ ಮೆಟ್ಟಿಲು ಹತ್ತಿ ಬಂದರು. "ಮೇಡಂ, ಮುಂದಿನ ಬುಧವಾರ ಹಣ್ಣು ತಗೊಂಡ್ ಹೋಗಿ ಎಲ್ರೆದುರು ಮಾತಾಡ್ಬೇಕಂತೆ. ಅವತ್ತೂ ಸುಮ್ನೆ ನಿಂತ್ರೆ ವಾಪಸ್ ಎಲ್‌ಕೆಜಿಗೆ ಕೂರಿಸ್ತೀವಿ ಅಂತ ಮಿಸ್ ಹೇಳಿದಾರೆ. ನೀವೇ ಏನಾದ್ರೂ ಹೇಳ್ಕೊಡಿ."

ಐದು ವರ್ಷದ ಮಗುವಿಗೆ ಹಿಂಬಡ್ತಿಯ ಬೆದರಿಕೆ. ಯಾವ ನಿಯಮದ ಅಡಿಯಲ್ಲಿ ಎಂದು ಕೇಳಿದೆ. "ನಿಯಮ ಗೊತ್ತಿಲ್ಲ ಮೇಡಂ, ಹಣ್ಣಿನ ಹೆಸ್ರು ಗ್ರೂಪಲ್ಲಿ ಹಾಕ್ಬೇಕು" ಎಂದು ಅವರು ಫೋನನ್ನು ನನ್ನ ಕೈಗಿತ್ತರು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹಣ್ಣುಗಳ ಹಂಚಿಕೆ ಬೆಳಗ್ಗೆಯೇ ಮುಗಿದಿತ್ತು. ಒಬ್ಬರು ತಂದದ್ದನ್ನು ಇನ್ನೊಬ್ಬರು ತರುವಂತಿಲ್ಲ. ಮೊದಲು ಬರೆದವರಿಗೆ ಮೊದಲು. ಮನೆಯಲ್ಲಿ ಕೂತು ಫೋನ್ ನೋಡುವವರು ಮಾವು, ಬಾಳೆ, ಸೇಬು, ದಾಳಿಂಬೆಗಳನ್ನೆಲ್ಲ ಹತ್ತು ಗಂಟೆಯೊಳಗೆ ವಶಪಡಿಸಿಕೊಂಡಿದ್ದರು. ಸಿಗ್ನಲ್ ಸಿಗದ ತೋಟದಲ್ಲಿ ಕಳೆ ತೆಗೆಯುವವರು ಏನು ಮಾಡಬೇಕು? ನನ್ನ ರಕ್ತ ಕುದಿಯಿತು. ಹಂಚಿಕೆಯ ಮಾನದಂಡವನ್ನು ಬಹಿರಂಗಪಡಿಸಬೇಕೆಂದು, ದುಡಿಯುವ ತಾಯಂದಿರಿಗೆ ಕನಿಷ್ಠ ಎರಡು ಹಣ್ಣುಗಳನ್ನು ಕಾಯ್ದಿರಿಸಬೇಕೆಂದು ಆಗ್ರಹಿಸಿ ಮೂರು ಪ್ಯಾರಾ ಬರೆದು ಕಳಿಸಿಯೇಬಿಟ್ಟೆ. ಬಹಳ ಹೊತ್ತಿನ ಮೇಲೆ ಮಿಸ್ ಕಡೆಯಿಂದ ಒಂದೇ ಸಾಲು ಬಂತು: ದಯವಿಟ್ಟು ಹಣ್ಣಿನ ಹೆಸರು ಮಾತ್ರ ಹಾಕಿ.

"ಅಯ್ಯೋ ಮೇಡಂ, ಹೆಸ್ರು ಹಾಕಿ ಅಂದ್ರೆ ಅರ್ಜಿ ಹಾಕಿದ್ರಲ್ಲ" ಎಂದು ಸುಜಾತಕ್ಕ ಫೋನ್ ಕಸಿದುಕೊಂಡು, 'ಬಟರ್ ಫ್ರೂಟ್' ಎಂದು ಎರಡೇ ಪದ ಒತ್ತಿದರು. ಅವರ ತೋಟದಲ್ಲಿ ಕಾಫಿಗೆ ನೆರಳಾಗಿ ನಿಂತ ಮರಗಳ ನಡುವೆ ಬೆಣ್ಣೆಹಣ್ಣಿನ ಮರವೂ ಇತ್ತು. ಮರುದಿನ ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿಯೇ ಒಂದು ಕಾಯಿ ತಂದು ನನ್ನ ವಶಕ್ಕೆ ಕೊಟ್ಟರು. "ಅಕ್ಕಿ ಡಬ್ಬದೊಳಗೆ ಇಡಿ, ಬುಧವಾರಕ್ಕೆ ಹಣ್ಣಾಗತ್ತೆ" ಎಂದರು.

ನಾನು ಭಾಷಣ ಬರೆಯಲು ಕೂತೆ. ಶಾಲೆ ಕೇಳಿದ್ದು ಐದು ಇಂಗ್ಲಿಷ್ ವಾಕ್ಯ. ಮೊದಲನೆಯದು 'ದಿಸ್ ಈಸ್ ಎ ಬಟರ್ ಫ್ರೂಟ್'. ಅಲ್ಲಿಯವರೆಗೆ ತೊಂದರೆಯಿರಲಿಲ್ಲ. ಎರಡನೆಯದರಿಂದ ನನ್ನ ಶಿಕ್ಷಣ ಜಾಗೃತವಾಯಿತು. ಈ ಹಣ್ಣನ್ನು ಕೊಯ್ದವರು ಯಾರು, ನಗರದ ಹೋಟೆಲಿನಲ್ಲಿ ಬ್ರೆಡ್ಡಿನ ಮೇಲೆ ಸವರಿಕೊಂಡು ತಿನ್ನುವವರು ಯಾರು, ಇಬ್ಬರ ನಡುವೆ ಇರುವವರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನೆಲ್ಲ ಉಳಿದ ನಾಲ್ಕು ವಾಕ್ಯಗಳಲ್ಲಿ ಅಡಕಗೊಳಿಸಿದೆ. ಸಂಜೆ ಸಂಜೆ ತಾಲೀಮು ನಡೆಯಿತು. ನಾನು ಹೇಳುತ್ತಿದ್ದೆ, ಧನ್ವಿ ತುಟಿಯನ್ನಷ್ಟೇ ಆಡಿಸುತ್ತಿದ್ದಳು. "ಜೋರಾಗಿ ಹೇಳು" ಎಂದರೆ ತುಟಿಯನ್ನು ಇನ್ನೂ ಅಗಲವಾಗಿ ಆಡಿಸುತ್ತಿದ್ದಳು.

ತಾಲೀಮಿನ ನಡುನಡುವೆ ಡಬ್ಬದ ಮುಚ್ಚಳ ತೆಗೆದು, ಕಾಯಿ ಮೆತ್ತಗಾಗಿದೆಯೇ ಎಂದು ಒತ್ತಿ ನೋಡುವುದು ನನ್ನ ಅಭ್ಯಾಸವಾಯಿತು. ಧನ್ವಿ ಇದನ್ನೂ ಗಮನವಿಟ್ಟು ನೋಡುತ್ತಿದ್ದಳು. ಬುಧವಾರ ಬೆಳಗ್ಗೆ ಜಿಲ್ಲೆಗೆಲ್ಲ ಮಳೆ ರಜೆ ಘೋಷಣೆಯಾಯಿತು. ಗುರುವಾರವೂ ರಜೆ. ಶುಕ್ರವಾರ, ಶನಿವಾರವೂ ರಜೆ; ಹಣ್ಣಿನ ಭಾಷಣ ಸೋಮವಾರಕ್ಕೆ ಹೋಯಿತು. ಮಳೆ ರಜೆ ಅನ್ವಯಿಸುವುದು ಶಾಲೆಗಳಿಗೆ. ಅಕ್ಕಿ ಡಬ್ಬದೊಳಗೆ ಕೆಲಸ ಎಂದಿನಂತೆ ನಡೆದಿತ್ತು. ಸೋಮವಾರ ಬೆಳಗ್ಗೆ ತೆಗೆದು ನೋಡಿದರೆ ಹಣ್ಣು ಕುಸಿದು ಹೋಗಿತ್ತು. ಮೈತುಂಬ ಕಪ್ಪು ಗುಳಿಗಳು, ಒಂದೊಂದೂ ನನ್ನ ಹೆಬ್ಬೆರಳಿನ ಅಳತೆಯದು. ತಪ್ಪಿತಸ್ಥರನ್ನು ಗುರುತಿಸಲು ಬೆರಳಚ್ಚು ತಜ್ಞರು ಬೇಕಿರಲಿಲ್ಲ. ಸುಜಾತಕ್ಕ ಅದನ್ನು ನೋಡಿ, ಶನಿವಾರವಷ್ಟೇ ತೋಟದಿಂದ ತಂದಿದ್ದ ಇನ್ನೊಂದು ಗಟ್ಟಿ ಕಾಯಿಯನ್ನು ಮಗಳ ಚೀಲಕ್ಕೆ ಹಾಕಿದರು. "ಇದ್ನೇ ತಗೊಂಡೋಗು ಮಗಾ. ಮೇಡಂ, ನಂಗೆ ಇವತ್ತು ರಜಾ ಇಲ್ಲ. ನೀವು ಹೋಗ್ತೀರಲ್ಲ?"

ಹೋದೆ. ತರಗತಿಯ ಹಿಂಭಾಗದಲ್ಲಿ ಪೋಷಕರೊಂದಿಗೆ ನಿಂತೆ. ನಾನು ಯಾರ ತಾಯಿಯೆಂದು ಒಬ್ಬರು ಕೇಳಿದರು. ಯಾರ ತಾಯಿಯೂ ಅಲ್ಲ ಎಂದೆ. ಅವರು ಆಚೆ ಸರಿದು ನಿಂತರು. ಮಾವು ಮಾತಾಡಿತು, ಸೇಬು ಮಾತಾಡಿತು. ಧನ್ವಿಯ ಸರದಿ ಬಂತು. ಅವಳು ಕಾಯಿಯನ್ನು ಎದೆಗವಚಿಕೊಂಡು ನಿಂತಳು. ನಾನು ಹಿಂದಿನಿಂದ ತುಟಿಯಲ್ಲೇ 'ದಿಸ್ ಈಸ್' ಎಂದೆ, ಪ್ರಯೋಜನವಾಗಲಿಲ್ಲ. "ಮೇಡಂ, ಹೇಳ್ಕೊಡಂಗಿಲ್ಲ" ಎಂದರು ಮಿಸ್, ಮುಂದಿನ ಹೆಸರು ಕರೆಯಲು ಹಾಜರಿ ಪುಸ್ತಕದ ಕಡೆ ಕೈ ಚಾಚುತ್ತಾ.

ಆಗ ಧನ್ವಿ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಆಮೇಲೆ ನೇರವಾಗಿ ಮುಂದಿನ ಬೆಂಚಿನ ಹುಡುಗನ ಬಳಿ ಹೋಗಿ ಅವನ ಕಿವಿಗೆ ಹಿಡಿದು ಅಲ್ಲಾಡಿಸಿದಳು.

"ಕೇಳ್ತಾ?"

"ಒಳಗೆ ಏನೋ ಇದೆ ಕಣೇ" ಎಂದ ಅವನು.

"ಬೀಜ ಕಣೋ. ಬೀಜ ಕುಲುಕಿದ್ರೆ ಕಾಯಿ ಬಲ್ತಿದೆ ಅಂತ. ಎಳೇದಾದ್ರೆ ಸೌಂಡೇ ಬರಲ್ಲ. ಅಮ್ಮ ಹಂಗೇ ನೋಡಿ ಕೀಳೋದು."

ನನಗೂ ಇದು ಗೊತ್ತಿರಲಿಲ್ಲ. ತರಗತಿಯ ಮಕ್ಕಳೆಲ್ಲ ಸಾಲುಗಟ್ಟಿ ಕಿವಿ ಕೊಟ್ಟರು. ಮಿಸ್ ಕೂಡ ಬಗ್ಗಿ ಕೇಳಿದರು. ಧನ್ವಿ ನಿಲ್ಲಿಸಲಿಲ್ಲ. "ಕಿತ್ತ ಮೇಲೆ ಅಕ್ಕಿ ಡಬ್ಬದಲ್ಲಿ ಇಡ್ಬೇಕು. ಆಮೇಲೆ ಅದನ್ನ ಮುಟ್ಬಾರ್ದು, ಅದರ ಪಾಡಿಗೆ ಬಿಡ್ಬೇಕು. ಮೇಲಿನ್ ಮನೆ ಅಕ್ಕ ದಿನಾ ಒತ್ತಿ ಒತ್ತಿ ಒಂದ್ ಹಣ್ಣು ಕೊಳೆಸಿಬಿಟ್ರು. ಅಗೋ, ಅಲ್ಲಿ ನಿಂತಿದಾರೆ." ಇಡೀ ತರಗತಿ ಹಿಂತಿರುಗಿ ನೋಡಿತು. ಸಾರ್ವಜನಿಕ ಹೊಣೆಗಾರಿಕೆ ಎಂದರೇನೆಂದು ನನಗೆ ಮೊದಲ ಬಾರಿಗೆ ಅನುಭವವಾಯಿತು. ಇಂಗ್ಲಿಷ್ ಒಂದು ಪದವೂ ಇರಲಿಲ್ಲವಾದರೂ, ಎಲ್‌ಕೆಜಿಯ ಮಾತನ್ನು ಮಿಸ್ ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಮುಂದಿನ ಬೆಂಚಿನ ಹುಡುಗನ ಮನೆ ನಮ್ಮ ಬೀದಿಯ ತುದಿಯಲ್ಲೇ ಇದೆಯೆಂದು ಆ ವಾರ ತಿಳಿಯಿತು. ವ್ಯಾನಿನಿಂದ ಇಬ್ಬರೂ ಒಟ್ಟಿಗೆ ಇಳಿದು ಒಟ್ಟಿಗೆ ಅವನ ಮನೆಗೆ ಓಡುತ್ತಾರೆ; ಅವನ ಅಜ್ಜಿ ಇಬ್ಬರಿಗೂ ತಿಂಡಿ ಕೊಡುತ್ತಾರೆ. ಧನ್ವಿಯ ಧ್ವನಿ ಇಷ್ಟು ದೊಡ್ಡದೆಂದು ನನಗೆ ತಿಳಿದದ್ದೇ ಮಹಡಿಯ ಕಿಟಕಿಯಿಂದ. ನಾಲ್ಕರಿಂದ ಐದೂವರೆಯವರೆಗೆ ನನ್ನ ಚಾಪೆ ಖಾಲಿ. ಒಂದು ಸಂಜೆ ಬಸ್ಸಿನ ಬಗ್ಗೆ ಗೋಡೆಗೆ ಹೇಳಲು ಶುರುಮಾಡಿ, ಎರಡನೇ ವಾಕ್ಯಕ್ಕೆ ನಿಲ್ಲಿಸಿದೆ. ಈ ನಷ್ಟಕ್ಕೆ ಯಾರಿಗೆ ಬರೆಯುವುದು? ಎಷ್ಟು ಯೋಚಿಸಿದರೂ ಹೊಣೆಗಾರರು ಸಿಗಲಿಲ್ಲ.

ಮೂರು ವಾರಗಳ ಮೇಲೆ ಸುಜಾತಕ್ಕ ಶಾಲೆಯ ಡೈರಿ ಹಿಡಿದು ಬಂದರು. ಮಗು ತರಗತಿಯಲ್ಲಿ ವಿಪರೀತ ಮಾತಾಡುತ್ತದೆ, ಪೋಷಕರು ಉತ್ತರಿಸಬೇಕು ಎಂದು ಮಿಸ್ ಬರೆದಿದ್ದರು. ದೂರು ತೋರಿಸುವಾಗ ಸುಜಾತಕ್ಕನ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಯಾವ ಪದವಿ ಪ್ರದಾನ ಸಮಾರಂಭದಲ್ಲೂ ಕಂಡಿಲ್ಲ. "ನೀವೇ ಬರೀರಿ ಮೇಡಂ. ಎರಡು ಸಾಲು ಸಾಕು." ನಾನು ಚಾಪೆ ಹಾಸಿ, ಕಾಫಿ ಮಾಡಿದೆ. ಅವರು ತೋಟದ ಸುದ್ದಿ ಹೇಳಿದರು, ನಾನು ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ. ಉತ್ತರದ ಎರಡು ಸಾಲು ಅವರು ಮೊದಲ ಗುಟುಕು ಕುಡಿಯುವ ಹೊತ್ತಿಗೇ ಮುಗಿದಿತ್ತು. ಲೋಟ ಬರಿದಾಗಿ ಅವರು ಏಳುವಾಗ ಕಾಗದವನ್ನು ಪುಸ್ತಕದ ಕೆಳಗೆ ಸರಿಸಿ, ಕಚೇರಿಗಳ ಕಿಟಕಿಗಳಲ್ಲಿ ನಾನು ಅದೆಷ್ಟೋ ಸಲ ಕೇಳಿ ಸಿಡಿದೆದ್ದ ಮಾತನ್ನೇ, ಅದೇ ಗಂಭೀರ ಮುಖದಿಂದ ಹೇಳಿದೆ: "ಇನ್ನೂ ಪರಿಶೀಲನೆಯಲ್ಲಿದೆ ಸುಜಾತಕ್ಕ. ನಾಳೆ ಬನ್ನಿ."