ನಳದ ನೀರಿಗಾಗಿ ಫ್ರೆಂಚ್ ಸ್ವರ

ಕಲಿಯುವ ಹುಚ್ಚು ನನಗೆ ಎಂದೂ ಕಡಿಮೆ ಇರಲಿಲ್ಲ. ಕಲಿತದ್ದು ಉಪಯೋಗಕ್ಕೆ ಬಂದದ್ದು ಮಾತ್ರ ಕಡಿಮೆ. ಹಾರ್ಮೋನಿಯಂ ಕಲಿತೆ, ಕೇಳುವವರು ಸಿಗಲಿಲ್ಲ. ಹೋಮಿಯೋಪಥಿ ಕಲಿತೆ, ನನ್ನನ್ನು ಕಂಡ ಕೂಡಲೇ ಊರಿನವರ ರೋಗವೆಲ್ಲ ತಾನಾಗಿ ಗುಣವಾಯಿತು. ಆದರೆ ಫ್ರೆಂಚಿನ ಸ್ವರ-ವ್ಯಂಜನಗಳನ್ನು ನನ್ನಷ್ಟು ಶುದ್ಧವಾಗಿ ಈ ಕಾಳೀ ನದಿಯ ದಂಡೆಯಲ್ಲಿ ಇನ್ನಾರೂ ಕಲಿತಿರಲಾರರು. ಹಾಗೆ ಕಲಿತದ್ದರಿಂದಲೇ ನನ್ನ ಹೆಂಡತಿಗೆ ಮನೆಯೊಳಗಿನ ನಳ ತಪ್ಪಿತು.

ಆಗ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇನ್ನೂ ಹೊಸದು. ನಾನು ಅದರ ಉಗ್ರಾಣದಲ್ಲಿ ಗುಮಾಸ್ತ. ನಮ್ಮ ಬಾಡಿಗೆ ಮನೆ ಏರಿನ ಮೇಲೆ, ಬಾವಿ ಏರಿನ ಕೆಳಗೆ. ನನ್ನ ಹೆಂಡತಿ ನೀಲವ್ವ ದಿನಕ್ಕೆ ಎಂಟು ಕೊಡ ಹೊತ್ತು ಹತ್ತುತ್ತಿದ್ದಳು. ಒಂದು ದಿನ ಮ್ಯಾನೇಜರ್ ಸಾಹೇಬರು ನಮ್ಮನ್ನೆಲ್ಲ ಕರೆದು, ಹೊಸ ಯಂತ್ರ ಜೋಡಿಸಲು ಮೂರು ತಿಂಗಳಲ್ಲಿ ಫ್ರೆಂಚ್ ಇಂಜಿನಿಯರ್ ಬರುತ್ತಾನೆ, ಅವನೊಂದಿಗೆ ಹೊಂದಿಕೊಂಡು ಕೆಲಸ ಮಾಡುವವನಿಗೆ ನಳ ಇರುವ ಕ್ವಾರ್ಟರ್ಸ್ ಕೊಡುತ್ತೇವೆ ಎಂದರು. ಸಂಜೆ ಸುದ್ದಿ ಹೇಳಿದೆನೋ ಇಲ್ಲವೋ, ಹೊಸ ಬಚ್ಚಲಲ್ಲಿ ಹಂಡೆ ಯಾವ ಮೂಲೆಗೆ ಎಂಬುದನ್ನು ನೀಲವ್ವ ಗೊತ್ತು ಮಾಡಿಬಿಟ್ಟಳು.

ನಾನು ಮುಂಬಯಿಯಿಂದ ಟಪಾಲಿನಲ್ಲಿ ಪುಸ್ತಕ ತರಿಸಿದೆ. ಬಿಚ್ಚಿ ನೋಡಿದರೆ ಇಡೀ ಪುಸ್ತಕ ಬರೀ ಉಚ್ಚಾರದ್ದು. ನಾಲಿಗೆ ಎಲ್ಲಿರಬೇಕು, ತುಟಿ ಹೇಗಿರಬೇಕು, ಇಷ್ಟೇ. ನನಗೆ ಸಂತೋಷವೇ ಆಯಿತು. ಯಾಕೆಂದರೆ ನಾನು ಚಿಗಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವನು. ಅಲ್ಲಿ ಮಾಸ್ತರರು ಅಂದದ್ದನ್ನು ಅಂದ ಹಾಗೆಯೇ ನಾವು ತಿರುಗಿ ಒದರಬೇಕು. ಅಕ್ಷರ ಗಟ್ಟಿಯಾದರೆ ಅರ್ಥ ತಾನೇ ಬರುತ್ತದೆ ಎಂಬುದು ಅವರ ಪದ್ಧತಿ. ನಡುವೆ ಅರ್ಥ ಕೇಳಿದವನಿಗೆ ಹುಣಸೆ ಬರಲು ಬೀಳುತ್ತಿತ್ತು. ಫ್ರೆಂಚಿಗೂ ಅದನ್ನೇ ಹಚ್ಚಿದೆ.

ಆ ಭಾಷೆಯಲ್ಲಿ ಒಂದು ಸ್ವರ ಇದೆ. ಒಳಗೆ ನಾಲಿಗೆ ‘ಈ’ ಅನ್ನಬೇಕು, ಹೊರಗೆ ತುಟಿ ‘ಊ’ ಅನ್ನಬೇಕು. ಕನ್ನಡಿಯ ಮುಂದೆ ನಿಂತು ಇದನ್ನು ಸಾಧಿಸುತ್ತಿದ್ದರೆ ನೀಲವ್ವ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ನೆರೆಮನೆಯ ಅಜ್ಜಿಯನ್ನು ಕರೆತಂದಳು. ಇಬ್ಬರೂ ನನಗೆ ಲಕ್ವಾ ಹೊಡೆದಿದೆ ಎಂದು ತೀರ್ಮಾನಿಸಿ, ನಾನು ಎಷ್ಟು ಹೇಳಿದರೂ ಕೇಳದೆ ಗಲ್ಲಕ್ಕೆ ಬಿಸಿ ಹರಳೆಣ್ಣೆ ತಿಕ್ಕಿದರು. ಫ್ರೆಂಚರ ‘ರ’ಕಾರವಂತೂ ಗಂಟಲಿನ ತಳದಿಂದ ಬರಬೇಕು. ಅದನ್ನು ಕೇಳಿದ ಅಜ್ಜಿ ಮರುದಿನ ಶುಂಠಿ ಕಷಾಯ ಕಳಿಸಿದಳು.

ಮೂಗಿನ ಸ್ವರಗಳಿಗೇ ಒಂದು ತಿಂಗಳು ಹಿಡಿಯಿತು. ಜೋಯಿಡಾ ಕಡೆಯ ಫಿಟ್ಟರ್ ಇನಾಸ, ನನ್ನ ಜೊತೆ ಪಾಳಿಗೆ ಹೋಗಲು ಬಂದು ಕಟ್ಟೆಯ ಮೇಲೆ ಕೂತಿದ್ದವನು, ಒಂದೇ ಸಲಕ್ಕೆ ಅವನ್ನು ಅಂದು ತೋರಿಸಿದ.

“ಇದಕ್ಕ ಪುಸ್ತಕ ಯಾಕ್ರೀ ಗುಮಾಸ್ತರ? ನಮ್ಮ ಕೊಂಕಣಿಯಾಗ ಕೂಸುಗಳೂ ಹಿಂಗ ಮಾತಾಡ್ತಾವು.”

ನನಗೆ ಹೊಟ್ಟೆ ಉರಿಯಿತು. ನಿನ್ನದಕ್ಕೆ ಶಾಸ್ತ್ರದ ಆಧಾರ ಇಲ್ಲಪ್ಪಾ ಎಂದು ಅವನ ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಮೂರು ತಿಂಗಳು ಮುಗಿದವು. ಸ್ವರ ಎಲ್ಲ ಬಂದಿದ್ದವು, ಅರ್ಥ ಒಂದೂ ಬಂದಿರಲಿಲ್ಲ.

ಇಂಜಿನಿಯರ್ ಬಂದದ್ದು ಉರಿಬಿಸಿಲಿನಲ್ಲಿ. ನಾನು ಯಂತ್ರದ ಜೊತೆ ಬಂದಿದ್ದ ಫ್ರೆಂಚ್ ಕಾಗದ ಹಿಡಿದು ಒಂದು ಪುಟ ಗಡಗಡನೆ ಓದಿದೆ. ಪುಣ್ಯಾತ್ಮ ನನ್ನ ಎರಡೂ ಕೈ ಹಿಡಿದುಕೊಂಡ. ಮ್ಯಾನೇಜರ್ ಸಾಹೇಬರು ನನ್ನ ಬೆನ್ನು ತಟ್ಟಿದರು. ಆಮೇಲೆ ಅವನು ಬೆವರು ಒರೆಸುತ್ತ ನನ್ನನ್ನು ಏನೋ ಕೇಳಿದ. ನನಗೇನು ತಿಳಿಯಬೇಕು, ಮಣ್ಣು! ಗಾಬರಿಯಲ್ಲಿ ಚಿಗಳ್ಳಿ ಶಾಲೆಯ ರೂಢಿ ಎದ್ದು ಬಂತು. ಅವನು ಅಂದದ್ದನ್ನು ಅಂದ ಹಾಗೆಯೇ ತಿರುಗಿ ಅಂದೆ. ಅವನು ನಿಧಾನವಾಗಿ ಅಂದ. ನಾನೂ ನಿಧಾನವಾಗಿ ಅಂದೆ. ಅವನು ಒದರಿದ, ನಾನೂ ಒದರಿದೆ. ಒಂದು ಸ್ವರವೂ ತಪ್ಪಲಿಲ್ಲ. ಅವನ ಮುಖ ಕೆಂಪಾಯಿತು. ಅಷ್ಟರಲ್ಲಿ ಇನಾಸ ಅವನ ಒಣಗಿದ ತುಟಿ ನೋಡಿ, ಮಾತಿಲ್ಲದೆ ಗಡಿಗೆಯಿಂದ ಒಂದು ಚೊಂಬು ನೀರು ತಂದು ಕೈಗಿತ್ತ.

ಅವನು ಕೇಳಿದ್ದು ಕುಡಿಯಲು ನೀರು ಎಂದು, ಅವನ ಹರಕು ಇಂಗ್ಲಿಷಿನಿಂದ ತಿಳಿದುಕೊಂಡು, ಮ್ಯಾನೇಜರ್ ಸಾಹೇಬರು ಆಮೇಲೆ ತಿಳಿಸಿದರು. ಅದಕ್ಕೆ ಉತ್ತರವಾಗಿ ನಾನು ಅವನನ್ನೇ ಮೂರು ಸಲ ನೀರು ಕೇಳಿದ್ದೆ. ಇಂಜಿನಿಯರ್ ಇನಾಸನನ್ನೇ ಜೊತೆಗೆ ಇಟ್ಟುಕೊಂಡ. ಏರಿನ ಕೆಳಗಿನ ಕ್ವಾರ್ಟರ್ಸೂ ಇನಾಸನಿಗೇ ಆಯಿತು.

ಮನೆಗೆ ಬಂದು ಎಲ್ಲ ಹೇಳಿದೆ. ನೀಲವ್ವ ಬಯ್ಯಲಿಲ್ಲ. ಖಾಲಿ ಕೊಡಗಳ ಕಡೆ ನೋಡುತ್ತ ಕೂತಳು. ಆಮೇಲೆ ಎದ್ದು ಎರಡು ಕೊಡ ನನ್ನ ಮುಂದೆ ಇಟ್ಟಳು.

“ನೀರು ಕೇಳೂದು ನಿಮಗ ಚಲೋ ರೂಢಿ ಆಗೇತಲ್ಲ. ಇನ್ಮ್ಯಾಲೆ ಇನಾಸನ ಮನಿ ನಳಕ್ಕ ನೀವ ಹೋಗ್ರಿ.”

ಅಂದಿನಿಂದ ಎಂಟೂ ಕೊಡ ನನ್ನವೇ. ಫ್ರೆಂಚಿನಲ್ಲಿ ನೀರು ಎಂಬುದಕ್ಕೆ ಬರೀ ‘ಓ’ ಎಂಬ ಒಂದೇ ಸ್ವರವಂತೆ; ಇದು ಆಮೇಲೆ ತಿಳಿದದ್ದು. ಸುಲಭದ್ದೆಂದು ಮೊದಲ ದಿನವೇ ಕಲಿತು ಬದಿಗಿಟ್ಟಿದ್ದೆ. ಈಗ ತುಂಬಿದ ಕೊಡ ಹೆಗಲ ಮೇಲಿಟ್ಟು ಏರು ಹತ್ತುವಾಗ ಅದು ತಾನಾಗಿ ಬಾಯಿಂದ ಹೊರಡುತ್ತದೆ. ಉಚ್ಚಾರ ಮಾತ್ರ ಅತ್ಯಂತ ಶುದ್ಧ.